ಶುಕ್ರವಾರದ ಕಸ

ಹೊಂಗೆಕುಂಟೆಯಲ್ಲಿ ಯಾರೂ ಯಾವತ್ತೂ ಏನನ್ನೂ ಬಿಸಾಡಿದವರಲ್ಲ. ಹೊಸೂರು ರಸ್ತೆಯಲ್ಲಿ ಸಿಂಗಸಂದ್ರ ದಾಟಿ ಮಣ್ಣಿನ ದಾರಿಗೆ ತಿರುಗಿದರೆ ಸಿಗುತ್ತಿದ್ದ ಆ ಊರಿನಲ್ಲಿ ಒಡೆದ ಮಡಕೆಯ ತಳ ಕೋಳಿಗೆ ನೀರಿಡುವುದಕ್ಕೆ ಆಗುತ್ತಿತ್ತು. ಹರಿದ ಸೀರೆಗಳನ್ನು ಒಂದರ ಮೇಲೊಂದಿಟ್ಟು ಹೊಲಿದರೆ ಹೊದೆಯುವ ಬೊಂತೆ. ಬೊಂತೆ ಹರಿದರೆ ಚಳಿಗಾಲದಲ್ಲಿ ಎಮ್ಮೆಗರುವಿನ ಬೆನ್ನಿಗೆ. ಬಾಚಿ ಉದುರಿದ ಕೂದಲನ್ನು ಉಂಡೆ ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸಿಟ್ಟರೆ, ಕೂದಲು ಕೊಳ್ಳುವವನು ಬಂದಾಗ ಅದು ಪಿನ್ನು, ರಿಬ್ಬನ್ನು ಆಗುತ್ತಿತ್ತು. ಇಷ್ಟೆಲ್ಲ ಆದಮೇಲೂ ಯಾವುದಕ್ಕೂ ಬಾರದೆ ಉಳಿದದ್ದು ತಿಪ್ಪೆಗೆ ಹೋಗುತ್ತಿತ್ತು. ತಿಪ್ಪೆ ಬೇಸಿಗೆಯಲ್ಲಿ ಗಾಡಿ ಹತ್ತಿ ಹೊಲಕ್ಕೆ ಹೋಗುತ್ತಿತ್ತು, ಹೊಲದಿಂದ ರಾಗಿಯಾಗಿ ಮನೆಗೆ ವಾಪಸು ಬರುತ್ತಿತ್ತು.

ಇಂಥ ಊರಿಗೆ ಕಸ ವಿಲೇವಾರಿಯ ನಿಯಮ ಬಂದದ್ದು ಎಂಬತ್ತೇಳನೇ ಇಸವಿಯಲ್ಲಿ, ಹೊಸದಾಗಿ ಮಂಡಲ ಪಂಚಾಯಿತಿಗಳು ಆದ ವರ್ಷ. ತಂದವನು ಹೊರಗಿನವನಲ್ಲ. ಊರಿನವನೇ ಆದ ಮೆಂಬರ್ ನರಸಪ್ಪ.

ನರಸಪ್ಪನನ್ನು ಕೆಟ್ಟವನೆಂದು ಯಾರೂ ಹೇಳುವಂತಿರಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ಅವನಿಗೆ ಸ್ಟೋರ್ಸ್ ಕೆಲಸ. ಅಲ್ಲಿ ಒಂದೊಂದು ಅಳತೆಯ ಸ್ಕ್ರೂವಿಗೂ ಒಂದೊಂದು ತಟ್ಟೆ, ಒಂದೊಂದು ತಟ್ಟೆಗೂ ಒಂದೊಂದು ಚೀಟಿ. ಜಗತ್ತು ಹೀಗಿರಬೇಕು ಎಂದು ಅವನಿಗೆ ಮೊದಲ ದಿನವೇ ಅನ್ನಿಸಿತ್ತು. ಸಂಜೆ ಸೈಕಲ್ ಇಳಿದು ಊರೊಳಗೆ ಬಂದರೆ ಯಾವುದೂ ಅದರದರ ತಟ್ಟೆಯಲ್ಲಿ ಇರುತ್ತಿರಲಿಲ್ಲ. ಬೀದಿಯಲ್ಲಿ ಎಮ್ಮೆ, ಜಗಲಿಯ ಮೇಲೆ ಕೋಳಿ, ಎಲ್ಲರ ಮನೆಯೆದುರು ಒಂದೊಂದು ತಿಪ್ಪೆ. ಚುನಾವಣೆಗೆ ನಿಂತು ಗೆದ್ದಾಗ, ಊರನ್ನು ಒಂದು ಸ್ಟೋರ್ಸ್ ಮಾಡಿಬಿಡಬೇಕು ಎಂಬುದು ಬಿಟ್ಟರೆ ಅವನಿಗೆ ಬೇರೆ ದುರುದ್ದೇಶ ಇರಲಿಲ್ಲ.

ಅಥವಾ ಇನ್ನೊಂದು ಇತ್ತು, ಬಹಳ ಸಣ್ಣದು. ಮನೆಯ ಪಕ್ಕದಲ್ಲಿ ಎರಡು ಆರ್‌ಸಿಸಿ ರೂಮು ಕಟ್ಟಿ ಅವನು ಬಾಡಿಗೆಗೆ ಬಿಟ್ಟಿದ್ದ. ಇನ್ನೆರಡು ಕಟ್ಟುವುದಕ್ಕೆ ಸರಿಯಾದ ಜಾಗ ಮನೆಯೆದುರು, ಬೀದಿಯ ಆ ಬದಿಗೆ ಇತ್ತು. ಆ ಜಾಗದಲ್ಲಿ ಅವನ ತಾಯಿ ಪಿಳ್ಳಮ್ಮನ ತಿಪ್ಪೆ ಇತ್ತು. ಈ ಯೋಚನೆಯನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಸಂಜೆ ಹೊತ್ತು ತಿಪ್ಪೆಯ ಮುಂದೆ ನಿಂತು ಅವನು ಬೆರಳಿನಿಂದ ಗಾಳಿಯಲ್ಲಿ ಬಾಗಿಲು, ಕಿಟಕಿ ಬರೆದುಕೊಳ್ಳುವುದನ್ನು ಪಿಳ್ಳಮ್ಮ ಒಳಗಿನಿಂದ ನೋಡಿದ್ದಳು.

ಪಿಳ್ಳಮ್ಮನಿಗೆ ಒಂದು ಹಸು, ಒಂದು ಎಮ್ಮೆ, ಊರ ಹಿಂದೆ ಒಂದು ಎಕರೆ ಚಿಲ್ಲರೆ ಹೊಲ. ಹೊಲದ ಉಳುಮೆಗೆ ಆಳು ಬರುತ್ತಿದ್ದರು. ಬಿತ್ತನೆ, ಕಳೆ, ಕೊಯ್ಲು ಎಲ್ಲಕ್ಕೂ ಯಾರಾದರೂ ಬರುತ್ತಿದ್ದರು. ತಿಪ್ಪೆಯನ್ನು ಮಾತ್ರ ಅವಳು ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ. ಬೆಳಿಗ್ಗೆ ಸಗಣಿ, ಅದರ ಮೇಲೆ ದನ ತಿಂದುಳಿಸಿದ ಹುಲ್ಲಿನ ಕಡ್ಡಿ, ಅದರ ಮೇಲೆ ಒಲೆಯ ಬೂದಿ, ಬೂದಿ ಹಾರದಂತೆ ಹೊಂಗೆ ಎಲೆ, ಮತ್ತೆ ಸಗಣಿ. ಚಳಿಗಾಲದ ಬೆಳಿಗ್ಗೆ ಅದರ ನೆತ್ತಿಯಿಂದ ಸಣ್ಣಗೆ ಹಬೆ ಏಳುತ್ತಿತ್ತು. ಮೊಳಕೈವರೆಗೆ ಕೈ ತೂರಿಸಿದರೆ ಒಳಗೆ ಬಿಸಿ. ಆ ಬಿಸಿ ಆರಿ, ಗೊಬ್ಬರ ಕರ್ರಗಾಗಿ, ವಾಸನೆ ಹೋಗಿ ಬರೀ ಮಣ್ಣಿನಂತೆ ಉದುರುವ ಹೊತ್ತಿಗೆ ಯುಗಾದಿ ಬಂದಿರುತ್ತಿತ್ತು. ಅಲ್ಲಿಯವರೆಗೆ ಅದನ್ನು ಮುಟ್ಟುವಂತಿಲ್ಲ.

ನರಸಪ್ಪನ ನಿಯಮಗಳನ್ನು ತಮಟೆ ಬಡಿಸಿ ಸಾರಿದರು. ಮನೆಗಳ ಕಸವನ್ನು ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಪಂಚಾಯಿತಿಯ ಗಾಡಿಗೆ ಕೊಡತಕ್ಕದ್ದು. ಊರೊಳಗಿನ ತಿಪ್ಪೆಗಳನ್ನೆಲ್ಲ ದೀಪಾವಳಿ ಹಬ್ಬದೊಳಗಾಗಿ ಊರಾಚೆಗೆ ಸಾಗಿಸತಕ್ಕದ್ದು. ತಪ್ಪಿದವರಿಗೆ ದಂಡ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಪಿಳ್ಳಮ್ಮ ಮುದ್ದೆಯನ್ನು ಮಗನ ತಟ್ಟೆಗೆ ಇಡದೆ ಕೈಯಲ್ಲೇ ಹಿಡಿದುಕೊಂಡು ಕೇಳಿದಳು.

“ತಿಪ್ಪೆ ಎತ್ತಿ ಎಲ್ಲಿಗಾಕ್ಬೇಕಪ್ಪಾ?”

“ನಮ್ಮ ಹೊಲಕ್ಕೇ ಹೊಡೆಸ್ತೀನಿ ಕಣವ್ವ.”

“ಒಲದಾಗೆ ರಾಗಿ ನಿಂತೈತೆ. ತೆನೆ ಮ್ಯಾಲೆ ಸುರೀತೀಯಾ?”

ನರಸಪ್ಪನಿಗೆ ಅದು ಹೊಳೆದಿರಲಿಲ್ಲ. “ಹಾಗಾದ್ರೆ ಕುಂಟೆ ಪಕ್ಕದ ಹಳ್ಳಕ್ಕೆ,” ಎಂದ.

“ಅಳ್ಳಕ್ಕಾಕಿದ್ದು ಯಾರಪ್ಪನ ಮನೆ ಸೊತ್ತು? ಮೊದ್ಲು ಬಂದೋನು ತುಂಬ್ಕೊಂಡೋಗ್ತಾನೆ. ಅಸಿ ಗೊಬ್ಬರ ಬ್ಯಾರೆ.” ಮುದ್ದೆಯನ್ನು ತಟ್ಟೆಗಿಟ್ಟಳು. “ನೋಡ್ ನರಸ, ತಿಪ್ಪೆ ಇಲ್ದಿದ್ರೆ ಒಲಕ್ಕೆ ಗೊಬ್ಬರ ಇಲ್ಲ. ಗೊಬ್ಬರ ಇಲ್ದಿದ್ರೆ ರಾಗಿ ಇಲ್ಲ. ರಾಗಿ ಬೆಳೀದ ಒಲನ ಏನ್ ಮಾಡ್ತಾರೆ ಅಂತ ಆ ಕಡೆ ಬೀದೀಲಿ ನೋಡ್ತಾ ಇದೀನಿ. ಕಲ್ ನೆಟ್ಟು ಸುಣ್ಣ ಬಳ್ದು ಸೈಟ್ ಅಂತಾರೆ.”

“ನಾನು ಹೊಲ ಮಾರ್ತೀನಿ ಅಂದ್ನಾ?”

“ನೀನಂದಿಲ್ಲ. ನೀನು ತಿಪ್ಪೆ ತೆಗೀತೀನಿ ಅಂದೆ. ಮಿಕ್ಕಿದ್ದು ತಾನೇ ಆಯ್ತದೆ.”

ನರಸಪ್ಪನ ಹೆಂಡತಿ ರಾಮಮ್ಮ ಸಾರು ಬಡಿಸುವ ನೆಪದಲ್ಲಿ ಇಬ್ಬರ ಮಧ್ಯೆ ಬಂದು ನಿಂತಳು. ಮಾತು ಅಲ್ಲಿಗೆ ನಿಂತಿತು. ಮೆಂಬರನ ಮನೆಯಿಂದಲೇ ನಿಯಮ ಶುರುವಾಗದಿದ್ದರೆ ಊರು ಕೇಳುತ್ತದೆಯೇ ಎಂಬ ನ್ಯಾಯವಾದ ಪ್ರಶ್ನೆ ನರಸಪ್ಪನ ಬಾಯಲ್ಲೇ ಉಳಿಯಿತು.

ಕಸದ ಗಾಡಿ ಆವಲಪ್ಪನದು. ಅವನು ಇಟ್ಟಿಗೆ ಗೂಡಿನಿಂದ ಎಲೆಕ್ಟ್ರಾನಿಕ್ ಸಿಟಿಯ ಕಟ್ಟಡಗಳಿಗೆ ಇಟ್ಟಿಗೆ ಹೊಡೆಯುತ್ತಿದ್ದ. ವಾರದಲ್ಲಿ ಎರಡು ದಿನ ಗಾಡಿ ಬಿಡುವಾಗಿರುತ್ತದೆ ಎಂದು ಅವನೇ ಬಂದು ಹೇಳಿದ್ದರಿಂದ ಕಸಕ್ಕೆ ಆ ಎರಡು ದಿನ ಗೊತ್ತಾದವು. ಮೊದಲ ಶುಕ್ರವಾರ ಹೊರಡುವ ಮುಂಚೆ ಆವಲಪ್ಪ ಒಂದು ಅನುಮಾನ ಕೇಳಿದ.

“ತುಂಬಿದ್ ಮ್ಯಾಲೆ ಎಲ್ಲಿ ಸುರೀಲಿ ನರಸಣ್ಣ?”

ನಿಯಮದಲ್ಲಿ ಅದು ಇರಲಿಲ್ಲ. “ಮೊದ್ಲು ತುಂಬ್ಲಿ ಮಾರಾಯ,” ಎಂದ ನರಸಪ್ಪ.

ಕಾರ್ಖಾನೆಯ ಕಾವಲುಗಾರನಿಂದ ಕೇಳಿ ತಂದಿದ್ದ ಸೀಟಿಯನ್ನು ಆವಲಪ್ಪನ ಕೊರಳಿಗೆ ಹಾಕಿ, ತಾನು ಗಾಡಿಯ ಹಿಂದೆ ನಡೆದ. ಸೀಟಿ ಕೇಳಿದ ಕೂಡಲೇ ಹೆಂಗಸರು ಹೊರಗೆ ಬಂದರು. ಗಾಡಿಯನ್ನು ನೋಡಿದರು, ಎತ್ತುಗಳನ್ನು ನೋಡಿದರು, ಹಿಂದೆ ಬರುತ್ತಿದ್ದ ಮೆಂಬರನನ್ನು ನೋಡಿದರು, ಒಳಗೆ ಹೋದರು. ಮೇಲಿನ ಬೀದಿ, ಕೆಳಗಿನ ಬೀದಿ, ಗುಡಿಯ ಬೀದಿ ಮುಗಿಯಿತು. ಗಾಡಿಯಲ್ಲಿ ಇಟ್ಟಿಗೆಯ ಕೆಂಪು ಪುಡಿ ಬಿಟ್ಟರೆ ಬೇರೆ ಏನೂ ಬೀಳಲಿಲ್ಲ.

ಮನೆಗೆ ಬಂದರೆ ಅಲ್ಲೂ ಅದೇ. ರಾಮಮ್ಮ ಗುಡಿಸಿದ ಕಸವನ್ನು ಮೊರದಲ್ಲಿ ತುಂಬಿ ಬಾಗಿಲ ಹಿಂದೆ ಇಟ್ಟಿದ್ದಳು.

“ಕೊಡೇ ಅದನ್ನ,” ಎಂದ ನರಸಪ್ಪ.

“ಅತ್ತೆ ಬೇಡ ಅಂದ್ರು.”

“ಇವತ್ತು ಶುಕ್ರವಾರ ಕಣಪ್ಪಾ,” ಎಂದಳು ಪಿಳ್ಳಮ್ಮ ಎಮ್ಮೆಯ ಪಕ್ಕದಿಂದ. “ಶುಕ್ರವಾರ, ಮಂಗಳವಾರ ಮನೆಯಿಂದ ಏನ್ನಾದ್ರೂ ಆಚೆ ಕಳಿಸ್ತಾರಾ? ಲಕ್ಷ್ಮಿ ಎದ್ದೋಗ್ತಾಳೆ.”

“ಕಸ ಲಕ್ಷ್ಮಿನಾ ಅವ್ವ?”

“ಅಲ್ದಿದ್ರೆ ದೀಪಾವಳೀಲಿ ತಿಪ್ಪೆಗ್ಯಾಕೆ ದೀಪ ಇಕ್ತೀವಿ? ಸಂಜೆ ದೀಪ ಅಚ್ಚಿದ್ ಮ್ಯಾಲೆ ಗುಡ್ಸಿದ್ ಕಸ ಬೆಳಗಾಗೋಗಂಟ ಮೂಲೇಲ್ಯಾಕೆ ಇಕ್ತೀವಿ? ಓಗ್ಲಿ, ಓದ್ ಶುಕ್ರವಾರ ಇದೇ ಆವಲಪ್ಪ ಗಾಡಿ ಬಾಡಿಗೆ ದುಡ್ಡು ಕೇಳಕ್ ಬಂದಾಗ ನಾಳೆ ಬಾ ಅಂದೋನು ಯಾರು?”

ಆವಲಪ್ಪ ಸೀಟಿಯನ್ನು ಬಾಯಿಂದ ತೆಗೆದು, “ನರಸಣ್ಣನೇಯಾ,” ಎಂದು ಸಾಕ್ಷಿ ಹೇಳಿದ.

ಅಂದು ಗಾಡಿಗೆ ಬಿದ್ದದ್ದು ಒಂದೇ ಪೊಟ್ಟಣ. ನರಸಪ್ಪನ ಬಾಡಿಗೆ ರೂಮಿನಲ್ಲಿದ್ದ ಮರಿಯಮ್ಮನದು. ಕೋಲಾರ ಚಿನ್ನದ ಗಣಿಯ ಕಡೆಯ ಹುಡುಗಿ. ಗಂಡ ಹೆಂಡತಿ ಇಬ್ಬರೂ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕಿದ್ದರು. ಕಸ ಕೊಡಬೇಕೆಂದು ನಿಯಮವಿದೆ, ಕೊಟ್ಟಳು. ಬ್ರೆಡ್ಡು ಸುತ್ತಿದ ಮೇಣದ ಕಾಗದ, ಹಾಲಿನ ಪ್ಲಾಸ್ಟಿಕ್ ಕವರು, ಒಂದು ಖಾಲಿ ಬೋರ್ನ್‌ವಿಟಾ ಡಬ್ಬ, ಎಲ್ಲವನ್ನೂ ಹಳೇ ಪೇಪರಿನಲ್ಲಿ ಕಟ್ಟಿ, ದಾರ ಬಿಗಿದು. ಜೋಡೆತ್ತಿನ ಗಾಡಿಯ ನಟ್ಟನಡುವೆ ಆ ಪೊಟ್ಟಣ ಮದುವಣಗಿತ್ತಿಯ ಹಾಗೆ ಕೂತು ಊರೆಲ್ಲ ಮೆರೆದು, ಎಲ್ಲೂ ಇಳಿಸುವ ಜಾಗ ಕಾಣದೆ, ಹೊರಟ ಬಾಗಿಲಿಗೇ ವಾಪಸು ಬಂತು. ಪಿಳ್ಳಮ್ಮ ಅದನ್ನು ಇಳಿಸಿಕೊಂಡು ಬಿಚ್ಚಿದಳು. ಪೇಪರು ಒಲೆ ಹಚ್ಚುವುದಕ್ಕೆ, ದಾರ ಹೀರೇಬಳ್ಳಿಗೆ, ಡಬ್ಬ ಅವರೆ ಬಿತ್ತನೆ ಬೀಜಕ್ಕೆ. ಪ್ಲಾಸ್ಟಿಕ್ ಕವರನ್ನು ತೊಳೆದು ಹಗ್ಗದ ಮೇಲೆ ಒಣಹಾಕಿದಳು. ಅದು ತಿಪ್ಪೆಗೆ ಬೀಳಕೂಡದು ಎಂಬುದು ಅವಳ ನಿಯಮ. ಹೋದ ವರ್ಷ ಒಂದು ಕವರು ಹೇಗೋ ಗೊಬ್ಬರದೊಂದಿಗೆ ಹೊಲ ಸೇರಿ, ಒಂದು ಮಳೆಗಾಲ ಪೂರ್ತಿ ನೆಲದೊಳಗಿದ್ದು, ಹೋದ ಹಾಗೇ ಹೊಸದಾಗಿ ನೇಗಿಲಿಗೆ ಸಿಕ್ಕಿ ಮೇಲೆ ಬಂದಿತ್ತು.

“ಸಾಯಲ್ಲ ಅದು,” ಎಂದು ಮರಿಯಮ್ಮನಿಗೆ ಹೇಳಿದಳು. “ಸಾಯ್ದೆ ಇರೋದು ಗೊಬ್ಬರ ಆಗಲ್ಲ ಮಗಾ.”

ಮುಂದಿನ ಮಂಗಳವಾರವೂ ಹೀಗೇ ಆಯಿತು. ಶುಕ್ರವಾರವೂ ಹೀಗೇ ಆಯಿತು. ನರಸಪ್ಪ ದಡ್ಡನಲ್ಲ, ದಿನ ಬದಲಾಯಿಸಿದರೆ ಮುಗಿಯಿತಲ್ಲ ಎಂದುಕೊಂಡು ಆವಲಪ್ಪನನ್ನು ಕರೆದ.

“ಬುಧವಾರ ಬಾರೋ.”

“ಬುಧವಾರ ಇಟ್ಟಿಗೆ ಐತಲ್ಲ.”

“ಗುರುವಾರ?”

“ಇಟ್ಟಿಗೆ.”

“ಮಂಗಳವಾರ ಶುಕ್ರವಾರ ಮಾತ್ರ ಯಾಕೋ ಇಟ್ಟಿಗೆ ಇಲ್ಲ?”

ಆವಲಪ್ಪ ಅವನನ್ನು ಕನಿಕರದಿಂದ ನೋಡಿದ. “ಮಂಗಳವಾರ ಶುಕ್ರವಾರ ಗೂಡಿನ ಯಜಮಾನ್ರು ಇಟ್ಟಿಗೆ ಆಚೆ ಬಿಡಲ್ಲ ನರಸಣ್ಣ. ಲಕ್ಷ್ಮಿ ಓಗ್ತಾಳಂತೆ. ಅದ್ಕೇ ಅಲ್ವಾ ಗಾಡಿ ಬಿಡುವಾಗಿರೋದು?”

ನರಸಪ್ಪ ಇದನ್ನು ಸ್ವಲ್ಪ ಹೊತ್ತು ಯೋಚಿಸಿದ. ಯಾರೂ ಏನನ್ನೂ ಕೊಡದ ದಿನ ಗಾಡಿ ಸಿಗುತ್ತದೆ. ಗಾಡಿ ಸಿಗುವ ದಿನ ಯಾರೂ ಏನನ್ನೂ ಕೊಡುವುದಿಲ್ಲ. ಎರಡಕ್ಕೂ ಕಾರಣ ಒಂದೇ. ಸ್ಟೋರ್ಸ್‌ನಲ್ಲಿ ಹೀಗೆ ಆಗಿದ್ದರೆ ಅವನು ಮೇಲಿನವರಿಗೆ ತಿಳಿಸುತ್ತಿದ್ದ. ಇಲ್ಲಿ ಮೇಲಿನವನು ಅವನೇ ಆಗಿದ್ದ.

ಗಾಡಿ ಖಾಲಿ ಓಡಿದರೂ ತಿಪ್ಪೆಯ ನಿಯಮ ಮಾತ್ರ ಗೆಲ್ಲುವ ಹಾಗೆ ಕಾಣಿಸಿತು. ವಾರ ವಾರ ಊರು ಚೊಕ್ಕಟವಾಗತೊಡಗಿತು. ಇವತ್ತು ಒಬ್ಬರ ಮನೆಯೆದುರಿನ ತಿಪ್ಪೆ ಇಲ್ಲ, ನಾಳೆ ಇನ್ನೊಬ್ಬರದು ಇಲ್ಲ. ತಿಪ್ಪೆ ಇದ್ದ ಜಾಗದಲ್ಲಿ ಹೆಂಗಸರು ನೀರು ಚಿಮುಕಿಸಿ ರಂಗೋಲಿ ಹಾಕಿದ್ದರು. ಭಾನುವಾರ ಬೆಳಿಗ್ಗೆ ನರಸಪ್ಪ ಕೈ ಹಿಂದಕ್ಕೆ ಕಟ್ಟಿಕೊಂಡು ಬೀದಿಯ ಉದ್ದಕ್ಕೂ ನಡೆದು ನೋಡುತ್ತಿದ್ದ. ಬೀದಿಯ ಉದ್ದಕ್ಕೂ ಮಾತ್ರ. ಯಾರ ಹಿತ್ತಲಿಗೂ ಹೋಗುತ್ತಿರಲಿಲ್ಲ. ನಿಯಮ ಮಾಡಿದವನಿಗೆ ನಂಬಿಕೆಯೂ ಇರಬೇಕಾಗುತ್ತದೆ.

ಉಳಿದದ್ದು ಒಂದು ತಿಪ್ಪೆ. ಊರ ನಡುಮಧ್ಯೆ, ಮೆಂಬರನ ಬಾಗಿಲಿಗೆ ನೇರವಾಗಿ, ಹಬೆಯಾಡುತ್ತ.

“ಊರಿಗೆಲ್ಲ ನಾಮ ಇಟ್ಟ ಪೂಜಾರಿ ಅಣೆ ಮಾತ್ರ ಬೋಳು,” ಎಂದು ಗುಡಿಯ ಕಟ್ಟೆಯ ಮೇಲೆ ಯಾರೋ ಅಂದದ್ದು ಅವನಿಗೆ ಕೇಳಿಸಿತು. ಕೇಳಿಸಲಿ ಎಂದೇ ಅಂದಿದ್ದರು. ಮಂಡಲದ ಸಭೆಯಲ್ಲಿ ಪ್ರಧಾನರು ವಿಚಾರಿಸಿದಾಗ ನರಸಪ್ಪ ಎದ್ದು ನಿಂತು, “ನಮ್ಮೂರಲ್ಲಿ ಇನ್ನೊಂದೇ ತಿಪ್ಪೆ ಉಳಿದಿದೆ ಸ್ವಾಮಿ, ಅದೂ ನಮ್ಮದೇ. ಹಬ್ಬದೊಳಗೆ ಎತ್ತಿಸ್ತೀನಿ,” ಎಂದ. ಸಭೆ ತಲೆದೂಗಿತು. ಹಬ್ಬ ಕಳೆದ ಮೇಲಿನ ಮಂಗಳವಾರ ಮೇಲಿನ ಆಫೀಸಿನಿಂದ ಒಬ್ಬ ಅಧಿಕಾರಿ ಬಂದು ಹೊಂಗೆಕುಂಟೆಯನ್ನು ನೋಡುವುದೆಂದು ತೀರ್ಮಾನವಾಯಿತು.

ಹಬ್ಬದ ವಾರ ಬಂತು. ಸೋಮವಾರ ನರಸಪ್ಪನಿಗೆ ಎರಡು ಪಾಳಿ ಬಿತ್ತು. ಮಂಗಳವಾರ ತಾಯಿಯ ಕಡೆ ನೋಡಿದ. ಅವಳು ಬರೀ, “ಮಂಗಳವಾರ,” ಎಂದಳು. ಬುಧವಾರ ಎಣ್ಣೆ ನೀರು. ತಲೆಗೆ ಎಣ್ಣೆ ಹಚ್ಚಿಕೊಂಡು ಮಿಂದವನು ತಿಪ್ಪೆಗೆ ಇಳಿಯುವುದಿಲ್ಲ. ಗುರುವಾರ ಕಾರ್ಖಾನೆಗೆ ರಜೆ. ನರಸಪ್ಪ ಗುದ್ದಲಿ ಹಿಡಿದು ಹೊರಗೆ ಬಂದ.

“ಅಮಾಸೆ ದಿನ ಗುದ್ಲಿ ಇಡೀತೀಯಾ?” ಎಂದಳು ಪಿಳ್ಳಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಮಳೆ ಬರ್ತದಾ ಎಂದು ಕೇಳುವ ಹಾಗೆ ಕೇಳಿದಳು.

ನರಸಪ್ಪ ಗುದ್ದಲಿಯನ್ನು ಗೋಡೆಗೆ ಒರಗಿಸಿದ. ಅವನಿಗೆ ಈ ಯಾವ ನಂಬಿಕೆಯೂ ಇರಲಿಲ್ಲ. ಆದರೆ ಅಮಾವಾಸ್ಯೆಯ ದಿನ ಗುದ್ದಲಿ ಹಿಡಿದು, ನಾಳೆ ಹಸುವೋ ಎಮ್ಮೆಯೋ ಕೆಮ್ಮಿದರೂ ಆಯುಷ್ಯಪೂರ್ತಿ ಕೇಳಬೇಕಾಗುತ್ತದೆ ಎಂಬುದು ಗೊತ್ತಿತ್ತು.

ಶುಕ್ರವಾರ ಪಾಡ್ಯ. ಆವಲಪ್ಪನ ಮನೆಗೆ ಹೋದರೆ, ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಚೆಂಡುಹೂವಿನ ಹಾರ ಹಾಕಿದ್ದ.

“ಇವತ್ತು ಬಲಿಪಾಡ್ಯಮಿ, ಬಸವಣ್ಣಂಗೆ ನೊಗ ಇಕ್ತಾರಾ ನರಸಣ್ಣ? ಕಡುಬು ತಿನ್ಕೊಂಡೋಗಿ, ಕೂತ್ಕಳಿ.”

ನರಸಪ್ಪ ಕಡುಬು ತಿಂದು ಬಂದ.

ಆ ಸಂಜೆ ಪಿಳ್ಳಮ್ಮ ತಿಪ್ಪೆಗೆ ನೀರು ಚಿಮುಕಿಸಿ, ನೆತ್ತಿಯ ಮೇಲೆ ಸಗಣಿಯ ಸಣ್ಣ ಗುಪ್ಪೆ ಇಟ್ಟು, ಅದಕ್ಕೆ ಹುಚ್ಚೆಳ್ಳಿನ ಹಳದಿ ಹೂ ಸಿಕ್ಕಿಸಿದಳು. ಅರಿಶಿನ ಕುಂಕುಮ ಆಯಿತು. ಹೊತ್ತು ಮುಳುಗುವುದನ್ನೇ ಕಾದು ಮಣ್ಣಿನ ದೀಪ ಹಚ್ಚಿ ಇಟ್ಟಳು. ಪ್ರತಿ ವರ್ಷಕ್ಕಿಂತ ಸ್ವಲ್ಪ ದೊಡ್ಡ ದೀಪ. ಎಣ್ಣೆಯೂ ಜಾಸ್ತಿ. ಸಾಯುವವರ ಬಾಯಿಗೆ ಹಾಲು ಬಿಡುವ ಹಾಗೆ ನಿಧಾನವಾಗಿ ಎಣ್ಣೆ ಬಿಟ್ಟಳು. ನರಸಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಬಾಡಿಗೆ ರೂಮುಗಳ ತಾರಸಿಗೆ ಏಣಿ ಹಾಕಿಕೊಂಡು ಹತ್ತಿದ.

ಊರಿನಲ್ಲಿ ತಾರಸಿ ಇದ್ದದ್ದು ಅದೊಂದೇ. ಅಲ್ಲಿಂದ ಎಲ್ಲರ ಹಿತ್ತಲೂ ಕಾಣುತ್ತಿತ್ತು. ಅವನು ಆ ಕಡೆ ನೋಡುವ ಹೊತ್ತಿಗೆ ಕತ್ತಲೆಯಲ್ಲಿ ಒಂದು ದೀಪ ಹತ್ತಿಕೊಂಡಿತು, ಯಾರದೋ ಹುಲ್ಲಿನ ಮೆದೆಯ ಹಿಂದೆ. ಮೆದೆಯ ಹಿಂದೆ ಯಾಕೆ ದೀಪ ಇಡುತ್ತಾರೆ ಎಂದು ಯೋಚಿಸುತ್ತಿರುವಾಗಲೇ ಕಳ್ಳಿಬೇಲಿಯ ಮರೆಯಲ್ಲಿ ಇನ್ನೊಂದು ಹತ್ತಿತು. ತೆಂಗಿನ ಗರಿ ಹೊದಿಸಿ ಕೊಟ್ಟಿಗೆಯ ಹಾಗೆ ಮಾಡಿದ್ದ ಚಪ್ಪರದ ಸಂದಿಯಿಂದ ಮತ್ತೊಂದು. ಗೋಡೆ ಎದ್ದು ಸೂರಿಲ್ಲದೆ ನಿಂತಿದ್ದ ಒಂದು ಬಾಡಿಗೆ ರೂಮಿನ ಒಳಗಡೆ, ನಡುಮನೆ ಆಗಬೇಕಾದ ಜಾಗದಲ್ಲಿ, ಎರಡು. ಮೇಲಿನ ಬೀದಿಯ ಹಿಂದೆ, ಕೆಳಗಿನ ಬೀದಿಯ ಹಿಂದೆ, ಗುಡಿಯ ಹಿಂದೆಯೇ ಪೂಜಾರಿಯದು. ಇಲ್ಲ ಎಂದು ಅವನು ಸಭೆಯಲ್ಲಿ ಎದ್ದು ನಿಂತು ಹೇಳಿದ್ದ ತಿಪ್ಪೆಗಳೆಲ್ಲ ಒಂದೊಂದಾಗಿ ತಾವು ಇರುವ ಜಾಗ ಹೇಳಿದವು.

ಬಚ್ಚಿಡುವುದಕ್ಕೆ ಅವರಿಗೆ ಯಾವ ಸಂಕೋಚವೂ ಆಗಿರಲಿಲ್ಲ. ಆದರೆ ಪಾಡ್ಯದ ಸಂಜೆ ದೀಪ ಇಡದೆ ಇರುವ ಧೈರ್ಯ ಊರಿನಲ್ಲಿ ಒಬ್ಬರಿಗೂ ಇರಲಿಲ್ಲ.

ಕೆಳಗಿಳಿದು ಬಂದಾಗ ಪಿಳ್ಳಮ್ಮ ಜಗಲಿಯ ಮೇಲೆ ಕೂತು ದೀಪ ಆರದಂತೆ ನೋಡುತ್ತಿದ್ದಳು. ನರಸಪ್ಪ ಪಕ್ಕದಲ್ಲಿ ಕೂತ.

“ನಿಂಗೊತ್ತಿತ್ತಾ ಅವ್ವ?”

“ಏನು?”

“ಯಾರೂ ತಿಪ್ಪೆ ಎತ್ತಿಲ್ಲ ಅಂತ.”

“ಸಗಣಿ ಮಂಕರಿ ಒತ್ಕೊಂಡು ಇತ್ತಲಿಗೆ ಓಗೋರು ನಂಗ್ ಕಾಣಲ್ವಾ?”

“ಮತ್ತೆ ನೀನ್ಯಾಕೆ ಹಿತ್ತಲಿಗೆ ಹಾಕ್ಕೊಳ್ಲಿಲ್ಲ? ನಮಗೂ ಹಿತ್ತಲಿದೆ.”

ಪಿಳ್ಳಮ್ಮ ಬತ್ತಿಯನ್ನು ಕಡ್ಡಿಯಿಂದ ಸ್ವಲ್ಪ ಮುಂದೆ ತಳ್ಳಲು ಎದ್ದು ಹೋಗಿ ಬಂದಳು. ಕೂತಮೇಲೆ ಹೇಳಿದಳು. “ರೂಲ್ಸ್ ಮಾಡ್ದೋನ್ ಮನೇಲೇ ಕದ್ದು ಮುಚ್ಚಿ ಮಾಡದಾ? ತೆಗುದ್ರೆ ತೆಗೀತಾನೆ, ಬಿಟ್ರೆ ಬಿಡ್ತಾನೆ, ಎದುರಿಗೇ ಇರ್ಲಿ ಅಂತ ಬಿಟ್ಟೆ.”

ನರಸಪ್ಪ ಮನಸ್ಸಿನಲ್ಲೇ ಎಣಿಸಿದ. ಇಡೀ ಊರಿನಲ್ಲಿ ಅವನ ನಿಯಮವನ್ನು ನಿಯಮವೆಂದು ತಿಳಿದಿದ್ದವರು ಇಬ್ಬರು. ಒಬ್ಬಳು ಕಸ ಕೊಡುವ ಮರಿಯಮ್ಮ. ಇನ್ನೊಬ್ಬಳು, ಅದನ್ನು ಪಾಲಿಸದೆ, ಬಚ್ಚಿಡದೆ ಕೂತಿರುವ ತನ್ನ ತಾಯಿ. ಅಧಿಕಾರಿ ಬಂದಾಗ ಸಿಕ್ಕಿಬೀಳುವವಳೂ ಅವಳೊಬ್ಬಳೇ.

ಮಂಗಳವಾರ ಬೆಳಿಗ್ಗೆ ಜೀಪು ಬಂತು. ಅಧಿಕಾರಿ ಬಿಳಿ ಷರ್ಟಿನ, ಸೌಮ್ಯ ಮುಖದ ಮನುಷ್ಯ. ಆನೇಕಲ್ ಕಡೆಯ ನಾಲ್ಕಾರು ಊರು ನೋಡಿ ಬೇಸತ್ತು ಬಂದಿದ್ದರು. ಮೇಲಿನ ಬೀದಿಯಲ್ಲಿ ರಂಗೋಲಿ ನೋಡಿ ಅವರ ಮುಖ ಸ್ವಲ್ಪ ಅರಳಿತು. ಅಷ್ಟರಲ್ಲಿ ಆವಲಪ್ಪ ಸೀಟಿ ಊದುತ್ತ ಬಂದ. ಗಾಡಿಯಲ್ಲಿ ಮರಿಯಮ್ಮನ ಪೊಟ್ಟಣ.

“ಇಷ್ಟೇನೇನ್ರೀ ಕಸ?”

“ಇಷ್ಟೇ ಸಾರ್. ನಮ್ಮೂರಲ್ಲಿ ಬಹಳ ಕಮ್ಮಿ,” ಎಂದ ನರಸಪ್ಪ. ಇದು ಸುಳ್ಳಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು.

“ತಿಪ್ಪೆಗಳು?”

ನರಸಪ್ಪ ಬಾಯಿ ತೆರೆಯುವಷ್ಟರಲ್ಲಿ ಅಧಿಕಾರಿಯ ಕಣ್ಣು ಹುಲ್ಲಿನ ಮೆದೆಯ ಕಡೆ ಹೋಯಿತು. ಮೆದೆಯ ಹಿಂದೆ ಒಂದು ಕೋಳಿ ಬಹಳ ಸಂತೋಷದಿಂದ ಕೆದಕುತ್ತಿತ್ತು. ಬರೀ ನೆಲವನ್ನು ಕೋಳಿಗಳು ಅಷ್ಟು ಸಂತೋಷದಿಂದ ಕೆದಕುವುದಿಲ್ಲ. ಅಧಿಕಾರಿ ಆ ಕಡೆ ಎರಡು ಹೆಜ್ಜೆ ಇಟ್ಟರು. ಜಗಲಿಗಳ ಮೇಲೆ ನಿಂತಿದ್ದ ಊರು ಉಸಿರು ಬಿಗಿಹಿಡಿಯಿತು. ಆಚೆ ಹೋದರೆ ಮೊದಲನೆಯದು ಕಾಣುತ್ತದೆ. ಮೊದಲನೆಯದು ಕಂಡರೆ ಎಲ್ಲವೂ ಕಾಣುತ್ತವೆ.

“ಸಾರ್, ಆ ಕಡೆ ಅಲ್ಲ,” ಎಂದ ನರಸಪ್ಪ. “ನೀವು ಮುಖ್ಯವಾದ್ದು ನೋಡಬೇಕು. ಈ ಕಡೆ ಬನ್ನಿ.”

ನೇರವಾಗಿ ತಾಯಿಯ ತಿಪ್ಪೆಯ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದ. ಯಾಕೆ ಹಾಗೆ ಮಾಡಿದ ಎಂದು ಅವನಿಗೆ ಆಮೇಲೂ ಸರಿಯಾಗಿ ಹೇಳಲು ಬರಲಿಲ್ಲ. ತೋರಿಸುವುದಕ್ಕೆ ಊರಿನಲ್ಲಿ ಬಚ್ಚಿಡದ ವಸ್ತು ಅದೊಂದೇ ಇತ್ತು.

“ಇದೇನ್ರೀ ಇದು, ಊರ ಮಧ್ಯೆ?”

ಪಿಳ್ಳಮ್ಮ ಬಾಗಿಲಲ್ಲಿ ನಿಂತು ಸೆರಗು ಸರಿಮಾಡಿಕೊಂಡಳು. ನರಸಪ್ಪನಿಗೆ ಆವಲಪ್ಪ ಮೊದಲ ದಿನ ಕೇಳಿದ್ದ ಪ್ರಶ್ನೆ ನೆನಪಾಯಿತು, ನಿಯಮದಲ್ಲಿ ಉತ್ತರವಿಲ್ಲದ ಆ ಪ್ರಶ್ನೆ.

“ಗಾಡಿ ಕಸ ತಂದು ಸುರಿಯೋ ಜಾಗ ಸಾರ್,” ಎಂದ. “ಒಂದೇ ಕಡೆ ಇಟ್ಟಿದೀವಿ. ನೋಡ್ಕೊಳ್ಳೋಕೆ ಒಬ್ಬರಿದ್ದಾರೆ.”

ಆವಲಪ್ಪ ಎತ್ತುಗಳಿಗಿಂತ ಚುರುಕಿನ ಮನುಷ್ಯ. ಮಾತು ಮುಗಿಯುವ ಮುಂಚೆ ಗಾಡಿಯನ್ನು ತಿಪ್ಪೆಗೆ ಬೆನ್ನು ಮಾಡಿ ನಿಲ್ಲಿಸಿ, ನೊಗ ಬಿಚ್ಚಿ, ಮೂಕಿ ಎತ್ತಿ, ಗಾಡಿ ತುಂಬ ಕಸವಿರುವ ಹಾಗೆ ಏದುಸಿರು ಬಿಡುತ್ತ ಸುರಿದ. ಪೊಟ್ಟಣ ಒಂದು ಸಲ ಉರುಳಿ ಬಿತ್ತು. ಪಿಳ್ಳಮ್ಮ ಬಂದು ಅದನ್ನು ಎತ್ತಿ ಬಿಚ್ಚಿ, ಪೇಪರು ಒಂದು ಕಡೆ, ದಾರ ಒಂದು ಕಡೆ, ಹಾಲಿನ ಕವರು ಒಂದು ಕಡೆ ಇಟ್ಟಳು. ಈರುಳ್ಳಿ ಸಿಪ್ಪೆಯನ್ನು ತಿಪ್ಪೆಗೆ ಹಾಕಿ ಮೇಲೆ ಒಂದು ಹಿಡಿ ಬೂದಿ ಎರಚಿದಳು. ಅವಳು ಯಾರಿಗೂ ಏನನ್ನೂ ತೋರಿಸುತ್ತಿರಲಿಲ್ಲ. ಬೇರೆ ರೀತಿ ಮಾಡುವುದು ಗೊತ್ತಿರಲಿಲ್ಲ ಅಷ್ಟೆ.

ಅಧಿಕಾರಿ ಬಹಳ ಹೊತ್ತು ನೋಡಿದರು. “ಅಲ್ರೀ, ಬೇರೆ ಕಡೆ ಎಲ್ಲ ಗಾಡಿ ತುಂಬಿ ನಿಂತಿರುತ್ತೆ, ಸುರಿಯೋಕೆ ಜಾಗ ಇರಲ್ಲ,” ಎಂದರು. “ಇಲ್ಲಿ ಜಾಗ ಇದೆ, ಕಸ ಇಲ್ಲ. ನಾನು ನೋಡಿದ್ದರಲ್ಲಿ ಇದೇ ಮೊದಲು.”

ನಂತರ ಪಿಳ್ಳಮ್ಮನ ಕಡೆ ತಿರುಗಿ, “ಏನಮ್ಮಾ, ವಾರಕ್ಕೆರಡು ಸಲ ಊರಿನ ಕಸ ಎಲ್ಲ ನಿಮ್ಮ ಮನೆ ಮುಂದೆ ಬಂದು ಬೀಳತ್ತಲ್ಲ, ಮಂಗಳವಾರ ಶುಕ್ರವಾರ ನಿಮಗೇನೂ ಬೇಜಾರಿಲ್ವಾ?” ಎಂದು ಕೇಳಿದರು. ಅವರೂ ಆ ಕಡೆಯವರೇ, ಗೊತ್ತಿದ್ದೇ ಕೇಳಿದ್ದರು.

“ಆಚೆ ಓಗ್ಬಾರ್ದು ಸ್ವಾಮಿ,” ಎಂದಳು ಪಿಳ್ಳಮ್ಮ. “ಒಳಿಕ್ ಬಂದ್ರೆ ಒಳ್ಳೇದೇ ಅಲ್ವಾ?”

ಒಂದು ತಿಂಗಳಲ್ಲಿ ಮಂಡಲದಿಂದ ತಗಡಿನ ಬೋರ್ಡು ಬಂತು. ಊರಿನ ಕಸ ಹಾಕುವ ಅಧಿಕೃತ ಸ್ಥಳ, ಅನುಮತಿಯಿಲ್ಲದೆ ಇದನ್ನು ಬೇರೆಡೆಗೆ ಸ್ಥಳಾಂತರಿಸಕೂಡದು ಎಂದು ಹಸಿರು ಅಕ್ಷರದಲ್ಲಿ ಬರೆದಿತ್ತು. ನರಸಪ್ಪನೇ ಗುಂಡಿ ತೋಡಿ ಅದನ್ನು ನೆಟ್ಟ. ಪಿಳ್ಳಮ್ಮ ಅದಕ್ಕೇ ಹಗ್ಗ ಕಟ್ಟಿ ಹಾಲಿನ ಕವರು ಒಣಹಾಕಿದಳು. ಉಳಿದ ತಿಪ್ಪೆಗಳು ಸರ್ಕಾರದ ಲೆಕ್ಕದಲ್ಲಿ ಇಲ್ಲದೆ, ಹಿತ್ತಲುಗಳಲ್ಲಿ ಸುಖವಾಗಿ ಬೆಳೆದವು. ಆವಲಪ್ಪ ವಾರಕ್ಕೆರಡು ಸಲ ಸೀಟಿ ಊದಿದ. ಮರಿಯಮ್ಮ ಕೆಲಸ ಬಿಟ್ಟು ಗಣಿಯ ಕಡೆ ವಾಪಸು ಹೋಗುವವರೆಗೂ ಒಂದು ವಾರವೂ ತಪ್ಪದೆ ಪೊಟ್ಟಣ ಕೊಟ್ಟಳು.

ಯುಗಾದಿ ಕಳೆದ ಮೇಲೆ ಒಂದು ಬುಧವಾರ, ಇಟ್ಟಿಗೆಯ ಕೆಲಸ ಬಿಡಿಸಿ, ಆವಲಪ್ಪನ ಗಾಡಿಯಲ್ಲಿ ಪಿಳ್ಳಮ್ಮನ ಗೊಬ್ಬರ ಹೊಲಕ್ಕೆ ಹೋಯಿತು. ಕರ್ರಗೆ, ವಾಸನೆಯಿಲ್ಲದೆ, ಉದುರುದುರಾಗಿ. ಕಡೆಯ ಗಾಡಿಯ ಹಿಂದೆ ಅವಳೂ ನಡೆದು ಹೋದಳು.

ಸಂಜೆ ನರಸಪ್ಪ ಕಾರ್ಖಾನೆಯಿಂದ ಬಂದು ಸೈಕಲ್ ಇಳಿದಾಗ ಬೀದಿಯ ಆ ಬದಿಗೆ ಬೋರ್ಡು ಮಾತ್ರ ನಿಂತಿತ್ತು. ಅದರ ಕೆಳಗೆ ಅಚ್ಚುಕಟ್ಟಾದ ಖಾಲಿ ಜಾಗ. ಎರಡು ರೂಮು, ಒಂದು ಬಚ್ಚಲು, ಮುಂದೆ ಸಣ್ಣ ಜಗಲಿಯೂ ಆಗುತ್ತಿತ್ತು. ಅವನು ಅಲ್ಲೇ ನಿಂತು ಬೆರಳೆತ್ತಿ ಗಾಳಿಯಲ್ಲಿ ಒಂದು ಕಿಟಕಿ ಬರೆಯುವಷ್ಟರಲ್ಲಿ ಪಿಳ್ಳಮ್ಮ ಕೊಟ್ಟಿಗೆಯಿಂದ ಸಗಣಿ ಮಂಕರಿ ಹೊತ್ತು ಬಂದಳು.

“ಸ್ವಲ್ಪ ಆ ಕಡೆ ನಿಂತ್ಕೊ ಮಗಾ,” ಎಂದಳು.

ನರಸಪ್ಪ ಸರಿದು ನಿಂತ. ಮಂಕರಿ ಭಾರವಿದ್ದದ್ದು ಕಂಡು ಇನ್ನೊಂದು ಕಡೆ ಕೈ ಕೊಟ್ಟ.